ಅಮೀನಗಡದ ಇನ್ನೊಂದು ಪರದೆ

ಫೋನಿನ ಪರದೆಯ ಮೇಲೆ ಇದ್ದದ್ದು ಒಂದೇ ಸಾಲು. ಕಂಪ್ಯೂಟರಿನ ಒಂದು ಚಿಕ್ಕ ಚಿತ್ರ, ಅದರ ಕೆಳಗೆ, ಕೊನೆಯ ಸಲ ತೆರೆದದ್ದು ಇವತ್ತು ಮುಂಜಾನೆ ಹತ್ತು ನಲವತ್ತಕ್ಕೆ ಎಂದು. ರಾಧಿಕಾ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿತ್ತು. ಹತ್ತು ನಲವತ್ತಕ್ಕೆ ಅವಳು ಒಂಬತ್ತನೆಯ ತರಗತಿಯಲ್ಲಿ ಹಲಗೆಯ ಮೇಲೆ ವೃತ್ತ ಬರೆಯುತ್ತಿದ್ದಳು, ಬೆರಳ ತುಂಬ ಚಾಕಿನ ಪುಡಿ ಇತ್ತು, ಫೋನು ಇದೇ ಶಿಕ್ಷಕರ ಕೋಣೆಯಲ್ಲಿ, ಬ್ಯಾಗಿನೊಳಗೆ ಊಟದ ಡಬ್ಬಿಯ ಕೆಳಗಿತ್ತು. ಹಾಗಾದರೆ ಆ ಹೊತ್ತಿಗೆ ಅವಳ ಮೆಸೇಜುಗಳನ್ನು ತೆರೆದು ಕೂತವರು ಯಾರು? ಪಕ್ಕದಲ್ಲಿ ಹಿಂದಿ ಕಲಿಸುವ ನರ್ಗೀಸ, ಯಾವುದೋ ಪೇಪರಿನಲ್ಲಿ ಓದಿದ್ದನ್ನು ಇಟ್ಟುಕೊಂಡು ಮುಂಜಾನೆಯಿಂದ ಎಲ್ಲರ ಫೋನು ಇಸಿದುಕೊಂಡು ತಪಾಸಣೆ ಮಾಡುತ್ತಿದ್ದವಳು, ಗೆದ್ದವಳ ಮುಖ ಮಾಡಿದಳು. "ನೋಡು ಮತ್ತ, ನಾ ಹೇಳ್ಲಿಲ್ಲ? ಯಾರದೋ ಕಂಪ್ಯೂಟರಿಗೆ ನಿನ್ನ ಫೋನ್ ಕಟ್ಟಿಹಾಕಿಟ್ಟೀದಿ. ನಿನಗ ಬರೂದೆಲ್ಲಾ ಅಲ್ಲಿ ಕಾಣಸ್ತೈತಿ, ನೀ ಬರದದ್ದೂ ಕಾಣಸ್ತೈತಿ. ಯಾರದಿದು?"

ಯಾರದೆಂದು ರಾಧಿಕಾಳಿಗೆ ಆ ಕ್ಷಣವೇ ಗೊತ್ತಾಯಿತು. ನವೆಂಬರಿನಲ್ಲಿ, ಅಮೀನಗಡದ ಬಸ್‌ಸ್ಟ್ಯಾಂಡಿನ ಬದಿಯ ಝೆರಾಕ್ಸ್ ಅಂಗಡಿಯಲ್ಲಿ, ಮಕ್ಕಳ ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡಿಸಲು ಅಲ್ಲಿನ ಕಂಪ್ಯೂಟರಿನ ಮೇಲೆ ತನ್ನ ಆ್ಯಪು ತೆರೆದಿದ್ದಳು. ಪರದೆಯ ಮೇಲಿನ ಚೌಕಕ್ಕೆ ಫೋನು ಹಿಡಿದರೆ ಸಾಕು, ಎಲ್ಲಾ ಅಲ್ಲಿಗೆ ಬರುತ್ತದೆ. ಅಷ್ಟರಲ್ಲಿ ಹುನಗುಂದದ ಬಸ್ಸು ಬಂತು. ಹಾಳೆಗಳನ್ನು ಎದೆಗೆ ಅವಚಿಕೊಂಡು ಓಡಿ, ಹೊರಟಿದ್ದ ಬಸ್ಸನ್ನು ಹಿಡಿದು, ಕಿಟಕಿಯ ಸೀಟೂ ಸಿಕ್ಕು, ಊರು ಮುಟ್ಟುವವರೆಗೂ ತನ್ನ ಚುರುಕುತನಕ್ಕೆ ತಾನೇ ಹಿಗ್ಗಿದ್ದಳು. ಈಗ ಫೆಬ್ರುವರಿ. ಮೂರು ತಿಂಗಳು ಆ ಬಾಗಿಲು ತೆರೆದೇ ಇತ್ತು.

ನರ್ಗೀಸ ಒಂದು ಕಡೆ ಒತ್ತಿದಳು, ಸಾಲು ಮಾಯವಾಯಿತು. "ಮುಗೀತು. ಬಂದ್ ಆತು." ಎಷ್ಟು ಸುಲಭಕ್ಕೆ ಆಯಿತೆಂದರೆ ರಾಧಿಕಾಳಿಗೆ ಸಿಟ್ಟೇ ಬಂತು. ಮುಂದೆ ಬರುವುದು ಬಂದಾಯಿತು, ಸರಿ; ಓದಿದವರ ತಲೆಯಿಂದ ಓದಿದ್ದನ್ನು ಒರೆಸುವ ಗುಂಡಿ ಎಲ್ಲಿದೆ? ಗಂಟೆ ಹೊಡೆಯಿತು. ಹತ್ತನೆಯ ತರಗತಿಗೆ ಹೋಗಿ ನಿಂತು, ನಲವತ್ತು ಜೊತೆ ಕಣ್ಣುಗಳು ತನ್ನ ಕಡೆ ತಿರುಗಿದಾಗ, ಯಾವತ್ತೂ ಆಗದ ಒಂದು ಸಂಕೋಚ ಅವಳಿಗಾಯಿತು, ಸೀರೆಯ ಸೆರಗನ್ನು ಸುಮ್ಮಸುಮ್ಮನೆ ಸರಿಮಾಡಿಕೊಂಡಳು. ತನ್ನ ಮೂರು ತಿಂಗಳನ್ನು ಒಬ್ಬ ಅಪರಿಚಿತನ ಕಣ್ಣಿನಿಂದ ಓದುತ್ತ ಹೋದಳು. ಬಾಗಲಕೋಟೆಯ ಕಚೇರಿಯಿಂದ ಗಂಡ ಪ್ರೇಮಕುಮಾರ ದಿನಾ ಮಧ್ಯಾಹ್ನ ಕಳಿಸುವ ಮೆಸೇಜು: ಪಲ್ಯಕ್ಕೆ ಉಪ್ಪು ಕಡಿಮೆ. ಅದಕ್ಕೆ ತಾನು ಕಳಿಸುವ ಉತ್ತರ: ಆಫೀಸಿನ್ಯಾಗ ಉಪ್ಪು ಸಿಗಾಂಗಿಲ್ಲೇನು. ಹಲ್ಲುನೋವಿಗೆ ಡಾಕ್ಟರರಿಗೆ ತೋರಿಸಲೆಂದು ಬಾಯಿ ಅಗಲಿಸಿ ತೆಗೆದುಕೊಂಡ ಫೋಟೋ. ಅಪರಿಚಿತನಾದರೂ ಎಷ್ಟೊತ್ತು ಓದಿಯಾನು, ಆಕಳಿಸಿ ಎದ್ದು ಹೋದಾನು ಎಂದು ಒಂದು ಗಳಿಗೆ ನಗೆಯೂ ಬಂತು. ಆದರೆ ಅದರ ಕೆಳಗೆ ಅತ್ತೆ ಇದ್ದರು. ಅತ್ತೆಯ ಲೆಕ್ಕಗಳಿದ್ದವು. ನಗೆ ಅಲ್ಲಿಗೆ ನಿಂತಿತು.

ಕಳೆದ ಜೂನಿನ ಒಂದು ಮುಂಜಾನೆ, ಮನೆಯವರಿನ್ನೂ ಏಳುವ ಮೊದಲು, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅತ್ತೆ ಸಂಗವ್ವ ತಲೆ ಎತ್ತದೆ ಹೇಳಿದ್ದರು: "ಈ ಸಲ ಹತ್ತನೇತ್ತಿ ಪರೀಕ್ಷಾಕ ಕೂಡ್ತೇನಿ. ನಿಮ್ಮ ಮಾವಗ ಗೊತ್ತಾಗಬಾರದು." ಅವರಿಗೆ ಐವತ್ತೆಂಟು. ಹುಡುಗಿಯಾಗಿದ್ದಾಗ ಗುಳೇದಗುಡ್ಡದ ತವರಿನಿಂದ ಪರೀಕ್ಷೆ ಬರೆದು ಗಣಿತದಲ್ಲಿ ನಪಾಸಾಗಿ, ಅದೇ ಬೇಸಿಗೆಯಲ್ಲಿ ಗಣಿತದ ಮಾಸ್ತರನನ್ನೇ ಮದುವೆಯಾಗಿ ಹುನಗುಂದಕ್ಕೆ ಬಂದವರು. ತಿಮ್ಮಣ್ಣ ಮಾಸ್ತರರು ಅಮೀನಗಡದಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾಗಿದ್ದರು. ಯಾರೇ ಮನೆಗೆ ಬಂದರೂ ಒಂದು ಮಾತು ಹೇಳುತ್ತಿದ್ದರು: "ತಾಲೂಕಿನ ಮಂದೀನ್ನೆಲ್ಲಾ ಪಾಸ್ ಮಾಡಿಸಿದ್ನಿ, ಮನ್ಯಾಗಿನ ಒಂದು ಪೇಪರ್ ಹಂಗ ಉಳೀತು ನೋಡ್ರಿ." ಬಂದವರು ನಗುತ್ತಿದ್ದರು, ಚಹಾದ ತಟ್ಟೆ ಹಿಡಿದು ಬಂದ ಸಂಗವ್ವನೂ ನಗುತ್ತಿದ್ದರು. ರಾಧಿಕಾ ಮದುವೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ಆ ನಗೆ ಒಂದು ಸಲವೂ ತಪ್ಪಿದ್ದಿಲ್ಲ.

ಮೂರು ಕೋಣೆಯ ಮನೆ. ನಡುವಿನ ಕೋಣೆಯಲ್ಲಿ ದಿನವಿಡೀ ಪೇಪರು ಹಿಡಿದ ಮಾವ. ಅಲ್ಲಿ ಸೊಸೆ ಅತ್ತೆಗೆ ತ್ರಿಕೋನಮಿತಿ ಹೇಳಿಕೊಡುವುದು ಹೇಗೆ? ಅದಕ್ಕೆ ಫೋನು. ಅತ್ತೆ ಅಡುಗೆಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೆ ಲೆಕ್ಕ ಬಿಡಿಸಿ ಫೋಟೋ ಕಳಿಸುತ್ತಿದ್ದರು, ಹತ್ತು ಹೆಜ್ಜೆ ಆಚೆಯ ಕೋಣೆಯಿಂದ ರಾಧಿಕಾ ತಪ್ಪಿಗೆ ಕೆಂಪು ಗೀಟು ಹಾಕಿ ತಿರುಗಿ ಕಳಿಸುತ್ತಿದ್ದಳು. ಮಾವ ಆಗಾಗ ಹೆಂಡತಿಯ ಫೋನು ತೆಗೆದುಕೊಂಡು ವಿಡಿಯೋ ನೋಡುವವರಾದ್ದರಿಂದ ಅತ್ತೆ ಸೊಸೆಯ ನಂಬರನ್ನು 'ಗ್ಯಾಸಿನವರು' ಎಂದು ಬರೆದಿಟ್ಟುಕೊಂಡಿದ್ದರು. ವಿಡಿಯೋದ ನೆತ್ತಿಯ ಮೇಲೆ ಹೆಸರು ಮಿಂಚಿದಾಗಲೆಲ್ಲ ಮಾವ ಗೊಣಗುತ್ತಿದ್ದರು, "ಈ ಗ್ಯಾಸಿನವರು ಏನ್ ಇಷ್ಟ ಮೆಸೇಜ್ ಹಾಕ್ತಾರೋ ಏನ!" ಒಳಗೆ ಅತ್ತೆ ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಇದೆಲ್ಲ ನಡೆದದ್ದು ಆ ಅಮೀನಗಡದ ಪರದೆಯ ಮುಂದೆ. ಝೆರಾಕ್ಸ್ ಅಂಗಡಿಯ ಜಹಾಂಗೀರ ಮಾವನ ಹಳೆಯ ವಿದ್ಯಾರ್ಥಿ. ಕಂಡಲ್ಲಿ "ಗುರುಗಳು ಆರಾಮದಾರಿಲ್ಲರಿ?" ಎಂದು ಕೇಳುವವನು.

ಆದರೂ ಅವಳನ್ನು ನಿಜವಾಗಿ ಕೊರೆಯುತ್ತಿದ್ದದ್ದು ಅತ್ತೆಯ ಲೆಕ್ಕವಲ್ಲ, ತನ್ನದೇ ಒಂದು ಮಾತು. ನವೆಂಬರಿನ ಕೊನೆಗೆ, ಒಂದೇ ಲೆಕ್ಕವನ್ನು ಆರನೆಯ ಸಲ ತಿದ್ದಿದ ಸಂಜೆ, ಬೇಸತ್ತು, ಈ ಗುಟ್ಟು ಗೊತ್ತಿದ್ದ ಒಬ್ಬಳೇ ಗೆಳತಿ ನರ್ಗೀಸಳಿಗೆ ಬರೆದಿದ್ದಳು: ಕಲ್ಲಿನ ಮ್ಯಾಲೆ ನೀರು ಸುರಿದಂಗ ಆಗೇತಿ. ನಮ್ಮ ಮಾವಾರು ಹೇಳೂದು ಖರೇನ ಅನಸ್ತೈತಿ. ಬರೆದು, ಕಳಿಸಿ, ಹಗುರಾಗಿ, ಅಡುಗೆಮನೆಗೆ ಹೋಗಿ ಅತ್ತೆ ಕೊಟ್ಟ ಬಿಸಿ ರೊಟ್ಟಿ ತಿಂದಿದ್ದಳು. ಆ ರೊಟ್ಟಿಯ ರುಚಿ ಈಗ, ಪೈಥಾಗೊರಸನ ಪ್ರಮೇಯದ ನಡುವೆ, ನಾಲಗೆಗೆ ಬಂತು. ನಲವತ್ತು ವರ್ಷ ಮನೆಗೆ ಬಂದವರೆಲ್ಲ ನಕ್ಕ ಮಾತಿಗೆ ತಾನೂ ನಕ್ಕಿದ್ದಳು, ಅದೂ ಸದ್ದಿಲ್ಲದೆ, ಬೆರಳ ತುದಿಯಿಂದ. ನರ್ಗೀಸ ಮುಂಜಾನೆ ಕಂಪನಿಗಳ ಬಗ್ಗೆ ಏನೇನೋ ಹೇಳಿದ್ದಳು, ಮೆಸೇಜು ಬೀಗದೊಳಗಿದ್ದರೂ ಯಾರು ಯಾರ ಜೊತೆ ಯಾವಾಗ ಎಷ್ಟೊತ್ತು ಮಾತಾಡಿದರೆಂಬ ಲೆಕ್ಕ ಅವರಲ್ಲಿರುತ್ತದೆ, ಬ್ಯಾಕಪ್ ಎಂದು ಒಂದು ಪ್ರತಿ ಇನ್ನೆಲ್ಲೋ ಬೀಗವಿಲ್ಲದೆ ಬಿದ್ದಿರುತ್ತದೆ ಎಂದು. ಇರಲಿ. ಆ ದೂರದ ಕಂಪನಿಗೆ ಸಂಗವ್ವ ಯಾರೆಂದು ಗೊತ್ತಿಲ್ಲ. ಜಹಾಂಗೀರನಿಗೆ ಗೊತ್ತು.

ಸಂಜೆ ಸಾಲೆ ಬಿಟ್ಟ ಮೇಲೆ ಅಮೀನಗಡದಲ್ಲಿ ಇಳಿದಾಗ ಕರದಂಟಿನ ಅಂಗಡಿಗಳಿಂದ ಬೆಲ್ಲದ ಪಾಕದ ವಾಸನೆ ರಸ್ತೆಯ ತನಕ ಬಂದಿತ್ತು. ದಿನಾ ಹಿತವಾಗಿರುತ್ತಿದ್ದ ವಾಸನೆ ಇವತ್ತು ಯಾರೋ ತನ್ನನ್ನು ನೋಡಿ ನಕ್ಕಂತೆ ಅನಿಸಿತು. ಅಂಗಡಿಯ ಮುಂದೆ ಎರಡು ಸಲ ಹೋದಳು, ಎರಡು ಸಲವೂ ದಾಟಿಕೊಂಡು ಹೋದಳು. ಜನವರಿಯಲ್ಲಿ ಅತ್ತೆಗೆಂದು ಒಂದು ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸಲು ಬಂದಾಗ ಜಹಾಂಗೀರ ತಾನಾಗಿಯೇ "ಅಕ್ಕೋರ, ಅಕ್ಷರ ಸ್ವಲ್ಪ ದೊಡ್ಡದು ಮಾಡ್ಲಿ? ವಯಸ್ಸಾದವರ ಕಣ್ಣಿಗೆ ಆರಾಮಾಗ್ತೈತಿ" ಅಂದಿದ್ದು ಈಗ ನೆನಪಾಗಿ ಕಿವಿ ಬಿಸಿಯಾದವು. ಯಾವ ವಯಸ್ಸಾದವರು? ಯಾರ ಕಣ್ಣು? ಅವತ್ತು ಅವಳು ಥ್ಯಾಂಕ್ಸ್ ಹೇಳಿ ಬಂದಿದ್ದಳು.

ಮೂರನೆಯ ಸಲ ಅವನೇ ಹೊರಗೆ ಬಂದ. ನಲವತ್ತೈದರ ಗಂಡಸು, ಮೂಗಿನ ಮೇಲೆ ಕನ್ನಡಕ, ಮುಖ ಪರೀಕ್ಷೆಯಲ್ಲಿ ನಕಲು ಮಾಡುವಾಗ ಸಿಕ್ಕಿಬಿದ್ದ ಹುಡುಗನ ಹಾಗೆ. "ಬರ್ರಿ ಅಕ್ಕೋರ. ಹನ್ನೊಂದಕ್ಕ ಬಂದ್ ಆತರಿ. ಆವಾಗ್ಲೇ ತಿಳೀತು, ಇವತ್ತು ನೀವು ಬರ್ತೀರಂತ."

ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳ ಎಲ್ಲವೂ ಒಮ್ಮೆಗೇ ಬಾಯಿಗೆ ಬಂದು ಒಂದೂ ಹೊರಬೀಳಲಿಲ್ಲ. "ನೀವು ಓದತಿದ್ರಿ?" ಎಂದಷ್ಟೇ ಕೇಳಿದಳು.

ಜಹಾಂಗೀರ ಮೇಜಿನ ಖಾನೆ ಎಳೆದು ಒಂದು ದಪ್ಪ ವಹಿ ತೆಗೆದು ಅವಳ ಮುಂದಿಟ್ಟ. ತೆರೆದರೆ ಲೆಕ್ಕಗಳು. ಅತ್ತೆಯ ಲೆಕ್ಕಗಳೇ, ಆದರೆ ಅವನ ಅಕ್ಷರದಲ್ಲಿ. ತಾನು ಅತ್ತೆಗೆ ಹಾಕಿದ ಕೆಂಪು ಗೀಟುಗಳನ್ನು ಅವನು ತನ್ನ ಲೆಕ್ಕಗಳಿಗೂ ಹಾಕಿಕೊಂಡಿದ್ದ. "ನಾನೂ ಗಣಿತದಾಗ ಹೋದಾಂವರಿ, ಗುರುಗಳ ಕೈಯಾಗ ಕಲ್ತೂ ಹೋದಾಂವ," ಅಂದ. "ಮೊದಲ ದಿನ ಬಂದ್ ಮಾಡಬೇಕಂತಲೇ ಹೋದ್ನಿ. ಅಷ್ಟರಾಗ ಒಂದು ಲೆಕ್ಕ ಬಂತು. ನಾ ಮೂರು ಸಲ ನಪಾಸಾದ ಲೆಕ್ಕ ಅದು. ನೀವು ಅಮ್ಮಾರಿಗೆ ತಿಳಿಸಿದ್ದು ನನಗೂ ತಿಳೀತು. ನಾಳೆ ಬಂದ್ ಮಾಡಿದ್ರಾತು ಅಂದ್ನಿ. ಹಂಗ ನಾಳೆ ನಾಳೆ ಅಂತ... ನಾನೂ ಫಾರ್ಮ್ ತುಂಬೇನ್ರಿ. ಮನ್ಯಾಗ ಯಾರಿಗೂ ಹೇಳಿಲ್ಲ."

ರಾಧಿಕಾ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ತನ್ನ ಕ್ಲಾಸಿನಲ್ಲಿ ಹಾಜರಿ ಹಾಕದ ಇನ್ನೊಬ್ಬ ವಿದ್ಯಾರ್ಥಿ ಮೂರು ತಿಂಗಳಿನಿಂದ ಇದ್ದಾನೆ! ನಗು ಬರುತ್ತಿತ್ತು, ಅದನ್ನು ಹಲ್ಲಿನಲ್ಲಿ ಕಚ್ಚಿಹಿಡಿದು ಹೇಳಿದಳು, "ನೀವು ಮಾಡಿದ್ದು ತಪ್ಪು. ಒಂದು ಮಾತು ನನಗ ಹೇಳಬೇಕಿತ್ತು. ನಾ ಕಲಸ್ತಿದ್ನಿ."

"ತಪ್ಪರಿ. ಕೇಳಾಕ ನಾಚಿಕಿ ಬಂತು. ಕದ್ದು ನೋಡಾಕ ನಾಚಿಕಿ ಬರ್ಲಿಲ್ಲ ನೋಡ್ರಿ."

"ಬ್ಯಾರೆ ಏನ್ ನೋಡೀರಿ?"

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. "ಸುಳ್ಳ ಹೇಳೂದಿಲ್ಲರಿ. ಒಂದು ನೋಡೇನಿ. ಕಲ್ಲಿನ ಮ್ಯಾಲೆ ನೀರು ಅಂದದ್ದು. ಅಮ್ಮಾರಿಗೆ ಅಂದದ್ದು ಅಂತ ಗೊತ್ತರಿ, ಆದ್ರೂ ನನಗ ಅಂದಂಗಾತು. ಮೂರು ದಿವಸ ವಹಿ ತೆಗೀಲಿಲ್ಲ. ಆದ್ರ ಅಮ್ಮಾರು ಮರುದಿನಾನೂ ಲೆಕ್ಕ ಕಳಿಸಿದ್ರು, ಅದರ ಮರುದಿನಾನೂ ಕಳಿಸಿದ್ರು. ಅವರಿಗೆ ಗೊತ್ತಿರಲಿಲ್ಲಲ್ಲರಿ. ಅದನ್ನ ನೋಡಿ ನಾನೂ ಮತ್ತ ಸುರು ಮಾಡಿದ್ನಿ."

ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ನಿಂತಿತು. ರಾಧಿಕಾ ವಹಿಯ ಹಾಳೆಗಳನ್ನು ತಿರುವಿದಳು. ನವೆಂಬರ್ ಇಪ್ಪತ್ತೆಂಟರಿಂದ ಮೂರು ದಿನ ಖಾಲಿ. ಒಬ್ಬ ಮನುಷ್ಯನ ಮೂರು ದಿನವನ್ನು ತಾನು ಕಾಣದೆಯೇ ಖಾಲಿ ಮಾಡಿದ್ದಳು. ಕೊನೆಗೆ ಕೇಳಬೇಕಾದ್ದನ್ನು ಕೇಳಿದಳು, "ಮಾವಾರಿಗೆ?"

"ಅಲ್ಲಾನ ಆಣಿಗೂ ಇಲ್ಲರಿ!" ಜಹಾಂಗೀರನ ಮುಖ ಮೊದಲ ಸಲ ಅರಳಿತು. "ಹ್ವಾದ ತಿಂಗಳ ಗುರುಗಳು ಪಿಂಚಣಿ ಕಾಗದ ಝೆರಾಕ್ಸ್ ಮಾಡ್ಸಾಕ ಬಂದಿದ್ರು. ಸೀದಾ ಒಳಗ ಬಂದ್ರು. ಪರದೆ ತುಂಬ ಅಮ್ಮಾರ ಲೆಕ್ಕ! ಪಟ್ನ ಆರಿಸಿ, ಕರೆಂಟ್ ಹೋಗೇತ್ರಿ ಗುರುಗಳ ಅಂದ್ನಿ. ಮ್ಯಾಲೆ ಫ್ಯಾನ್ ತಿರಗಾಕತ್ತಿತ್ತು. ಗುರುಗಳು ಫ್ಯಾನ್ ನೋಡಿದ್ರು, ನನ್ನ ನೋಡಿದ್ರು. 'ನಿನ್ನ ತಲಿ ಇನ್ನೂ ಹಂಗ ಐತಲ್ಲೋ' ಅಂದು ಹ್ವಾದ್ರು."

ಕಚ್ಚಿಹಿಡಿದ ನಗು ಕೈಬಿಟ್ಟಿತು. ಪಕ್ಕದ ಅಂಗಡಿಯವರು ಇಣುಕಿ ನೋಡುವಷ್ಟು ಜೋರಾಗಿ ನಕ್ಕಳು, ನಗುತ್ತಿರುವಾಗಲೇ ಕಣ್ಣಲ್ಲಿ ನೀರು ಬಂತು, ಆ ನೀರು ಯಾವುದಕ್ಕೆಂದು ಅವಳಿಗೂ ಸ್ಪಷ್ಟವಿರಲಿಲ್ಲ. ಎದ್ದು ಹೊರಡುವಾಗ ವಹಿಯ ಕೊನೆಯ ಹಾಳೆಯಲ್ಲಿ ತನ್ನ ಪೆನ್ನಿನಿಂದ ಒಂದು ತಪ್ಪು ತಿದ್ದಿ ಕೊಟ್ಟಳು.

ಹುನಗುಂದ ಮುಟ್ಟಿದಾಗ ಮಾವ ಸಂಜೆಯ ತಿರುಗಾಟಕ್ಕೆ ಹೋಗಿದ್ದರು. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಸ್ಸಿನಲ್ಲಿ ರಾಧಿಕಾ ಒಂದು ಲೆಕ್ಕಾಚಾರ ಹಾಕಿದ್ದಳು: ಕಂಪ್ಯೂಟರಿನ ಸಂಗತಿ ಹೇಳುವುದು, ಕಲ್ಲಿನ ಮಾತು ಬಿಡುವುದು. ಜಹಾಂಗೀರ ಹೇಳುವವನಲ್ಲ, ನರ್ಗೀಸ ಹೇಳುವವಳಲ್ಲ, ಹಾಗಿದ್ದ ಮೇಲೆ ಅತ್ತೆಯನ್ನು ನೋಯಿಸುವುದೇಕೆ. ತೂಕದ ವಿಚಾರವೇ. ಆದರೆ ಅದು ಅತ್ತೆಯ ಮೇಲಿನ ಕರುಣೆಯೋ ತನ್ನ ಮೇಲಿನದೋ ಎಂದು ಇಳಿಯುವ ತನಕವೂ ಬಗೆಹರಿಯಲಿಲ್ಲ. ಮಣೆ ಎಳೆದುಕೊಂಡು ಕುಳಿತು ಕಂಪ್ಯೂಟರಿನ ಸಂಗತಿ ಮೊದಲಿನಿಂದ ಕೊನೆಯವರೆಗೆ ಹೇಳಿದಳು.

ಸಂಗವ್ವನ ಕೈ ನಿಲ್ಲಲಿಲ್ಲ. ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು ಒಂದೇ ಹದದಲ್ಲಿ ನಡೆದಿತ್ತು. ಎಲ್ಲಾ ಕೇಳಿ ಮುಗಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ಆ ಝೆರಾಕ್ಸಿನಾಂವ ಈಗ ಎಷ್ಟನೇ ಪಾಠದಾಗ ಅದಾನ?"

"ನಿಮ್ಮ ಜೋಡೀನ ಅದಾನ್ರಿ ಅತ್ತಿ."

"ಹೋದ ವಾರದ ತ್ರಿಜ್ಯಾ ಲೆಕ್ಕ ಬಿಡಿಸ್ಯಾನ?"

"ತಪ್ಪು ಮಾಡ್ಯಾನ."

"ನಾ ಬಿಡಿಸಿದ್ನಿ," ಎಂದರು ಸಂಗವ್ವ, ರೊಟ್ಟಿಯನ್ನು ಹಂಚಿನ ಮೇಲೆ ಹಾಕುತ್ತ. ಬೆಂಕಿಯ ಬೆಳಕಿನಲ್ಲಿ ಅವರ ಮುಖ ನೋಡಿ ರಾಧಿಕಾಳಿಗೆ ತಾನು ಬಸ್ಸಿನಲ್ಲಿ ಹಾಕಿದ ಲೆಕ್ಕಾಚಾರವೆಲ್ಲ ಹೊಲಸೆನಿಸಿತು. ಕಲ್ಲಿನ ಮಾತನ್ನು ಹೇಳಿಬಿಟ್ಟಳು. ಮಾವ ಹೇಳುವುದು ನಿಜವೆಂದು ಬರೆದದ್ದನ್ನೂ ಬಿಡಲಿಲ್ಲ.

ಅಂಗೈಯ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಒಂದು ಕಡೆ ಕಪ್ಪಾಗಿ, ಹೊಗೆಯಾಡತೊಡಗಿತು, ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಅದು ಮಂದೀಗೆ ಸಿಕ್ತು ಅಂತ ಹೇಳಾಕತ್ತೀಯೋ, ಬರದದ್ದ ತಪ್ಪಾತು ಅಂತ ಹೇಳಾಕತ್ತೀಯೋ?"

ರಾಧಿಕಾ "ಬರದದ್ದ, ಅತ್ತಿ," ಅಂದಳು.

ಸಂಗವ್ವ ಕಪ್ಪಾದ ರೊಟ್ಟಿಯನ್ನು ಬರಿಗೈಯಿಂದ ತೆಗೆದು ಬದಿಗಿಟ್ಟರು. "ಹಂಗಾರ ಇರ್ಲಿ ಬಿಡು. ನಾನೂ ನಿನ್ನ ಬಗ್ಗೆ ಗುಳೇದಗುಡ್ಡದ ತಂಗಿಗೆ ಏನೇನೋ ಹೇಳೇನಿ. ನೀ ಬಂದ ಮೊದಲ ವರ್ಷ ಅಂತೂ ಕೇಳಬ್ಯಾಡ. ಬಾಯಿಲೆ ಹೇಳೇನಿ, ಬರದು ಇಟ್ಟಿಲ್ಲ, ಅದಕ್ಕ ಸಿಕ್ಕಿಬಿದ್ದಿಲ್ಲ." ಮತ್ತೊಂದು ಹಿಟ್ಟಿನುಂಡೆ ಎತ್ತಿಕೊಂಡು, "ಆದ್ರ ಆ ಕರಕಾದ ರೊಟ್ಟಿ ಇವತ್ತು ನೀನ ತಿನ್ನಬೇಕು," ಎಂದು ನಕ್ಕರು. ರಾಧಿಕಾ ತಿಂದಳು. ಕರಕಿನ ಕಹಿಯ ಮೇಲೆ ಅತ್ತೆ ಎರಡು ಚಮಚ ತುಪ್ಪ ಸುರಿದರು.

"ಮಾವಾರಿಗೆ ನಾವ ಹೇಳಿಬಿಡೂಣ್ರೇನು?" ಎಂದಳು ತಿನ್ನುತ್ತ. "ಮತ್ತ ಎಲ್ಲೋ ಹೊರಗ ಬಿದ್ದು, ನಗುವಂಗಾಗೂದು ಬ್ಯಾಡ."

"ನಾ ಅವರಿಗೆ ಅಂಜಿ ಮುಚ್ಚಿಟ್ಟೇನಿ ಅಂತ ತಿಳಕೊಂಡೀಯೇನು?" ಸಂಗವ್ವ ಅವಳ ಕಡೆ ಪೂರ್ತಿ ತಿರುಗಿದರು. "ಮೊದಲ ಅಂಜಿಕಿ ಇತ್ತು, ಖರೆ. ಈಗಿಲ್ಲ. ಈ ಮನಿಗೆ ಬಂದಾಗ ನನ್ನ ಟ್ರಂಕಿಗೆ ಕೀಲಿ ಇರ್ಲಿಲ್ಲ. ತವರಿನ ಪತ್ರ ಬಂದ್ರ ಮೊದಲ ನಮ್ಮ ಮಾವ ಒಡದು ಓದವರು, ಆಮ್ಯಾಲೆ ನಿಮ್ಮ ಮಾವ, ಆಮ್ಯಾಲೆ ನನ್ನ ಕೈಗೆ. ಯಾರೂ ಕೆಟ್ಟವರಲ್ಲ, ಹಂಗ ಇತ್ತು ಪದ್ಧತಿ. ಈ ಗಣಿತ ಒಂದು ನಂದು. ಅವರು ಪೇಪರ್ ಓದಕೋತ ಕುಂತಿರ್ತಾರ, ನಾ ಇಲ್ಲೆ ಸಾರು ಕುದಿಸಿಕೋತ ಮನಸಿನ್ಯಾಗ ಲೆಕ್ಕ ಬಿಡಿಸ್ತಿರ್ತೇನಿ. ಎಷ್ಟು ಮಜಾ ಬರ್ತೈತಿ ಗೊತ್ತೈತೇನು ನಿನಗ? ಹೇಳೂದಿದ್ರ ನಾ ಹೇಳ್ತೇನಿ, ನನಗ ಬೇಕಾದಾಗ."

ರಾಧಿಕಾ ಇಡೀ ದಿನ ಗುಟ್ಟೆಂದರೆ ಮುಚ್ಚಿದ ಗಾಯವೆಂದೇ ತಿಳಿದು ಅದರ ಮೇಲೆ ಕೈಯಿಟ್ಟುಕೊಂಡು ತಿರುಗಿದ್ದಳು. ಅದು ಸಂಭ್ರಮವೂ ಆಗಿರಬಹುದೆಂದು, ಐವತ್ತೆಂಟರ ಹೆಂಗಸೊಬ್ಬಳು ಅಡುಗೆಮನೆಯಲ್ಲಿ ನಿಂತು ಸುಮ್ಮನೆ ಸವಿಯುವ ವಸ್ತುವಾಗಿರಬಹುದೆಂದು ಹೊಳೆದೇ ಇರಲಿಲ್ಲ. ಅದನ್ನು ತಾನು ಬಸ್ಸು ಹಿಡಿಯುವ ಅವಸರದಲ್ಲಿ ಬೀದಿಯ ಮೇಜಿನ ಮೇಲೆ ಬಿಟ್ಟು ಓಡಿದ್ದಳು.

ಊಟದ ಮೊದಲೇ ನರ್ಗೀಸಳಿಗೆ ಫೋನು ಹಚ್ಚಿ ಕೇಳಿ, ಇಬ್ಬರ ಫೋನಿಗೂ ಬೇರೊಂದು ಆ್ಯಪು ಇಳಿಸಿದಳು. ಅಲ್ಲಿ ಇನ್ನೂ ಯಾರೂ ಇರಲಿಲ್ಲ, ಸುಣ್ಣ ಹಚ್ಚಿ ಸಾಮಾನು ತಾರದ ಮನೆಯಂತೆ ಖಾಲಿ. "ಇದರಾಗ ಮಾವಾರು ವಿಡಿಯೋ ನೋಡುವಾಗ ಹೆಸರು, ಮಾತು ಏನೂ ಮ್ಯಾಲೆ ಮಿಂಚೂದಿಲ್ಲಂಗ ಮಾಡೇನಿ," ಎಂದು ತೋರಿಸಿದಳು. "ಒಂದು ವಾರಕ್ಕ ಲೆಕ್ಕ ತಾವ ಅಳಿಸಿ ಹೋಗ್ತಾವ. ಯಾರು ಯಾರಿಗೆ ಬರದ್ರು ಅನ್ನೂದನ್ನ ಕಂಪನಿಯವರು ಕೂಡಿ ಹಾಕೂದಿಲ್ಲಂತ. ಆದ್ರ ಅತ್ತಿ, ನಾ ಮತ್ತ ಎಲ್ಲೋ ತೆರದಿಟ್ಟು ಬಂದ್ರ ಇದೂ ಕಾಯೂದಿಲ್ಲ."

"ಹಂಗಾರ ತೆರದಿಟ್ಟು ಬರಬ್ಯಾಡ," ಎಂದರು ಸಂಗವ್ವ. "ಅಳಿಸಿ ಹೋದ್ರ ಹೋಗ್ಲಿ, ಕ್ಯಾಲೆಂಡರಿನ ಮ್ಯಾಲೆ ಇರ್ತೈತಿ. ಆ ಜಹಾಂಗೀರನ್ನ ನಮ್ಮ ಜೋಡಿ ಸೇರಿಸ್ತೀಯೇನು?"

"ನೀವು ಹೂಂ ಅಂದ್ರ."

"ಬ್ಯಾಡ. ಅವಗ ನೀ ಬ್ಯಾರೆ ಕಲಸು. ಆದ್ರ ಅವನ ಮಾರ್ಕು ನನಗ ಹೇಳಬೇಕು." ಮೇ ತಿಂಗಳಲ್ಲಿ ಫಲಿತಾಂಶ ಬಂದ ದಿನ ಗಣಿತದಲ್ಲಿ ತಮಗೆ ಐವತ್ತೆಂಟು ಬಂದದ್ದನ್ನು ನೋಡಿ ಸಂಗವ್ವ ಮೊದಲು ಕೇಳಿದ್ದು ಇದನ್ನೇ, ಜಹಾಂಗೀರನಿಗೆ ಐವತ್ತೊಂದು ಎಂದು ಕೇಳಿದ ಮೇಲೆಯೇ ಅವರು ಕಣ್ಣೊರೆಸಿಕೊಂಡದ್ದು. ಆದರೆ ಈ ಸಂಜೆ ಅದಿನ್ನೂ ದೂರವಿತ್ತು, ಹೊರಗೆ ಮಾವನ ಚಪ್ಪಲಿಯ ಸದ್ದು ಯಾವ ಗಳಿಗೆಯಲ್ಲಾದರೂ ಕೇಳಬಹುದಿತ್ತು, ಫೋನು ಒಂದು ಗುಪ್ತ ಸಂಖ್ಯೆ ಕೇಳುತ್ತ ಕಾಯುತ್ತಿತ್ತು.

"ಇಲ್ಲೆ ಆರು ಅಂಕಿ ಒತ್ರಿ ಅತ್ತಿ. ಹುಟ್ಟಿದ ತಾರೀಖು ಬ್ಯಾಡ, ಎಲ್ಲಾರಿಗೂ ತಿಳೀತೈತಿ." ಸಹಾಯಕ್ಕೆಂದು ರಾಧಿಕಾ ಮುಂದೆ ಬಾಗಿದಳು.

ಸಂಗವ್ವ ಫೋನನ್ನು ಎದೆಗೆ ಒತ್ತಿಕೊಂಡರು. "ನೀ ಅತ್ತಾಗ ಹೊಳ್ಳು."

"ನಾನೂನ?"

"ನೀನೂನ."

ರಾಧಿಕಾ ಗೋಡೆಯ ಕಡೆ ತಿರುಗಿ ನಿಂತಳು, ಸಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗಿಯ ಹಾಗೆ, ಮುಖದ ತುಂಬ ನಗು ಇಟ್ಟುಕೊಂಡು. ಬೆನ್ನ ಹಿಂದೆ ಹಿಟ್ಟಿನ ಬೆರಳು ಗಾಜಿನ ಮೇಲೆ ಒಂದೊಂದಾಗಿ ಆರು ಸಲ ತಟ್ಟಿತು. ನಡುವೆ ಒಮ್ಮೆ ತಡೆದು, ಯೋಚಿಸಿ, ಮತ್ತೆ ತಟ್ಟಿತು.

"ನೆನಪಿಡ್ರಿ ಮತ್ತ," ಎಂದಳು ಗೋಡೆಗೆ. "ನೀವು ಮರತ್ರ ನನಗೂ ತೆರಿಯಾಕ ಬರೂದಿಲ್ಲ."

"ಬರಬಾರದಂತನ ಇಟ್ಟೇನಿ," ಎಂದರು ಸಂಗವ್ವ.